ರಿಜಿಸ್ಟರಿನಲ್ಲಿದ್ದ ವಯಸ್ಸು

ಜೂನ್ 14, 2024. ಶುಕ್ರವಾರ.

ಇವತ್ತು ಶಹಾಪುರದ ಆಸ್ಪತ್ರೆಯಲ್ಲಿ ನನ್ನ ಬಿಪಿ ನೋಡಿದ ನರ್ಸು ಹಳೆಯ ವಿದ್ಯಾರ್ಥಿನಿ ಮರಿಲಿಂಗಮ್ಮ. "ಮುಬೀನಾ ಮೇಡಂ ಹ್ಯಾಂಗದಾರ್ರಿ?" ಎಂದು ಕೇಳಿದಳು. ತೀರಿಕೊಂಡು ಎರಡು ವರ್ಷವಾಯಿತು ಎಂದೆ. ಅವಳ ಕಣ್ಣು ತುಂಬಿತು. ಆಗಿನಿಂದ ನನಗೆ ಸಮಾಧಾನವಿಲ್ಲ.

ಮುಬೀನಾ ನಾನು ಪಾಠ ಮಾಡುತ್ತಿದ್ದ ಹಳ್ಳಿ ಶಾಲೆಯ ಹೆಡ್‌ಮೇಡಂ ಆಗಿದ್ದರು. ಸಂಜೆ ಗಂಟೆ ಬಾರಿಸಿದ ಮೇಲೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ತಮ್ಮ ಡಬ್ಬಿಯಿಂದ ಯಾರಿಗೂ ಒಂದು ತುತ್ತು ಕೊಟ್ಟವರಲ್ಲ. ನಾನು ಐದು ನಿಮಿಷ ತಡವಾದರೆ ಅರ್ಧ ದಿನದ ರಜೆ ಬರೆಯುತ್ತಿದ್ದರು. ಈಗ ಆ ಸ್ಟಾಫ್‌ರೂಮು, ಕಿಟಕಿಯಾಚೆಯ ಭತ್ತದ ಗದ್ದೆ, ಅವರ ಸಿಡುಕು ಎಲ್ಲವೂ ಬೇಕೆನಿಸುತ್ತದೆ.

ಮರಿಲಿಂಗಮ್ಮ ಹತ್ತನೆಯ ತರಗತಿಯಲ್ಲಿದ್ದಾಗ ಮದುವೆ ಗೊತ್ತಾಗಿತ್ತು. ಒಳ್ಳೆಯ ಸಂಬಂಧ ತಪ್ಪಿಹೋಗುತ್ತದೆ, ಹದಿನೆಂಟು ತುಂಬಿದೆಯೆಂದು ಬರೆದುಕೊಡಿ ಎಂದು ಅವಳಪ್ಪ ಅಳುತ್ತ ಬಂದ. ನನಗೆ ತಡೆಯಲಾಗಲಿಲ್ಲ. "ಪಾಪ, ಬರದು ಕೊಡ್ರಿ ಮೇಡಂ" ಎಂದೆ.

"ನಾಳಿ ತನಿಖಿ ಬಂದ್ರ ನನ್ನ ನೌಕರಿ ಹೋಗ್ತದ. ಯಾರ ಮಗಳಾದ್ರ ನನಗೇನ್ರಿ?" ಎಂದು ಮುಬೀನಾ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ವಯಸ್ಸಿನ ಪತ್ರ ಸಿಗದೆ ಮದುವೆ ಮುರಿಯಿತು. ಎಂಥ ಕಲ್ಲುಮನಸ್ಸು ಎಂದು ನಾನು ತಿಂಗಳುಗಟ್ಟಲೆ ಅವರೊಂದಿಗೆ ಮಾತು ಬಿಟ್ಟೆ.

"ಅವ್ರಿಗಿ ನನ್ನ ಮ್ಯಾಲ ಭಾಳ ಜೀವ ಇತ್ರಿ, ಅದಕ್ಕ ಉಳಿಸಿದ್ರು" ಎಂದಳು ಮರಿಲಿಂಗಮ್ಮ, ನನ್ನ ತೋಳಿನ ಪಟ್ಟಿ ಬಿಚ್ಚುತ್ತ.

"ಹೌದವ್ವ" ಎಂದೆ.

ಅವಳ ಮೇಲೆ ಜೀವ ಇದ್ದದ್ದು ನನಗೆ. ಅವತ್ತು ಹೆಡ್‌ಮೇಡಂ ನಾನಾಗಿದ್ದಿದ್ದರೆ ಈ ಹುಡುಗಿ ಇವತ್ತು ನರ್ಸಾಗಿ ನನ್ನ ಬಿಪಿ ನೋಡುತ್ತಿರಲಿಲ್ಲ.