ಒದ್ದೆ ಗೋಡೆಯ ಬಾಡಿಗೆ

ಟೈಲರ್ ಅಂಗಡಿಯ ಹಿಂದಿನ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯಾ, ಇಲ್ಲ ಅದೂ ಬೀರುವಿನಲ್ಲಿ ಮಲಗಿದೆಯಾ? ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದಾರೆ ತಾನೆ? ಇದನ್ನೆಲ್ಲ ಮೊದಲೇ ಕೇಳಿಬಿಡುತ್ತೇನೆ. ಬರೆಯುತ್ತಾ ಹೋದರೆ ಕೇಳುವ ಮನಸ್ಸು ಉಳಿಯುವುದಿಲ್ಲ.

ನಾವು ಬಾಡಿಗೆಗಿದ್ದ ನಿನ್ನ ಮನೆ ಬಿಟ್ಟು ಬಂದಿದ್ದೇವೆ. ನಾನು ಹೊಲಿಯುವ ಅಂಗಡಿಯ ಹಿಂದೆ, ಬಟ್ಟೆ ಗಂಟುಗಳ ನಡುವೆ ಚಾಪೆ ಹಾಸಿಕೊಂಡು ನಾನು, ನಿನ್ನ ಭಾವ, ಅಮ್ಮ ಮಲಗುತ್ತೇವೆ. ಕಾಲು ಚಾಚಿದರೆ ಮಷಿನ್ನಿನ ಪೆಡಲ್ಲು ತಾಗುತ್ತದೆ. ಅಂಗಡಿಯ ಯಜಮಾನರು ಒಳ್ಳೆಯವರು, ಆದರೆ ತಿಂಗಳ ಕೊನೆಗೆ ಶಾಲೆ ಯೂನಿಫಾರಂ ಬಟ್ಟೆ ಬಂದು ಬೀಳುತ್ತದೆ, ಅಷ್ಟರೊಳಗೆ ಜಾಗ ಖಾಲಿ ಮಾಡಬೇಕು. ಬೇರೆ ಮನೆ ನೋಡಿಟ್ಟಿದ್ದೇನೆ. ಅದಕ್ಕೆ ಕೊಡಬೇಕಾದ ಮುಂಗಡ ಮಾತ್ರ ನಿನ್ನ ಹತ್ತಿರ ಇದೆ.

ಮಹಡಿಯ ಬಚ್ಚಲ ಪೈಪು ಗೋಡೆಯೊಳಗೆ ಒಡೆದಾಗ ಅಂಗೈಯಗಲ ತೇವ ಇತ್ತು, ಅಷ್ಟೆ. ಆಗಲೇ ಫೋನ್ ಮಾಡಿದೆ. "ಬಣ್ಣ ಹೊಡಿಸ್ತೀನಿ ಬಿಡಕ್ಕಾ" ಎಂದು ನೀನು ಮೂಗಿಗೆ ತುಪ್ಪ ಸವರಿದೆ. ಆಮೇಲೆ ಚಾವಣಿಯ ಗಾರೆ ಮಂಚದ ಮೇಲೆ ಬಿತ್ತು. ಮತ್ತೆ ಫೋನ್, ಮತ್ತೆ ಬಣ್ಣ. ಕೊನೆಗೊಂದು ದಿನ ಅಮ್ಮ ಅಡುಗೆಮನೆಯ ಸ್ವಿಚ್ಚು ಒತ್ತಿ, ಶಾಕ್ ಹೊಡೆದು, ಪಾತ್ರೆಗಳ ಮೇಲೆ ಬಿದ್ದಳು. ಎಲೆಕ್ಟ್ರಿಷಿಯನ್ ಬಂದವನೇ ಫ್ಯೂಸ್ ಕಿತ್ತು ನನ್ನ ಕೈಗೆ ಕೊಟ್ಟ. "ಇಲ್ಲಿ ಮನುಷ್ಯರು ಇರೋ ಹಾಗಿಲ್ಲ, ಇವತ್ತೇ ಹೊರಡಿ" ಎಂದ. ಇದನ್ನು ನಿನಗೆ ಹೇಳಿದರೆ ಏನಂದೆ, ನೆನಪಿದೆಯಾ? "ಅಮ್ಮ ಒದ್ದೆ ಕೈಲಿ ಮುಟ್ಟಿರ್ಬೇಕು." ನನ್ನ ಮೈಯೆಲ್ಲ ಉರಿದುಹೋಯಿತು.

ಕಾರು ತೆಗೆದುಕೊಳ್ಳುತ್ತೇನೆಂದು ವರ್ಷದ ಬಾಡಿಗೆಯನ್ನು ಒಟ್ಟಿಗೆ ಕೇಳಿದವನು ನೀನು. ಚೀಟಿ ಎತ್ತಿ ಕೊಟ್ಟವಳು ನಾನು. ರಶೀದಿ ಕೇಳಿದ್ದಕ್ಕೆ "ಅಕ್ಕನಿಗೂ ರಶೀದಿನಾ?" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಾನೂ ನಿನ್ನ ಜೊತೆ ನಕ್ಕೆ. ಮೂರು ತಿಂಗಳಿದ್ದು ಹೊರಬಿದ್ದೆವು. ಮಿಕ್ಕಿದ್ದನ್ನು ಕೊಡು ಎಂದರೆ, "ಸಾಮಾನು ಅಲ್ಲೇ ಇದೆಯಲ್ಲ, ಬಾಡಿಗೆ ಓಡ್ತಾನೇ ಇರುತ್ತೆ" ಎನ್ನುತ್ತೀಯ. ಯಾವ ಸಾಮಾನು? ಬೂಸ್ಟು ಹಿಡಿದ ಹಾಸಿಗೆ, ಬಾಗಿಲು ಉಬ್ಬಿ ತೆಗೆಯಲಾಗದ ಬೀರು. ಅದಕ್ಕೂ ಸೋತು ಹಣ ಬಿಟ್ಟೇನು, ಆದರೆ ಹೋದ ವಾರ "ಕೊಟ್ಟಿದ್ದಕ್ಕೆ ರಶೀದಿ ಇದೆಯಾ?" ಎಂದು ಕೇಳಿದೆಯಲ್ಲ, ಅದನ್ನು ಮಾತ್ರ ಬಿಡುವುದಿಲ್ಲ. ನಿನಗೆ ಯಾವ ಬಾಯಿ ಬಂತೋ, ಮಾರಾಯ.

ನಮ್ಮ ಅಂಗಡಿಯಲ್ಲಿ ಕೋಟು ಹೊಲಿಸುವ ವಕೀಲೆಯೊಬ್ಬರಿದ್ದಾರೆ. ಅವರಿಗೆ ಎಲ್ಲವನ್ನೂ ಹೇಳಿದೆ. "ವಾಸ ಮಾಡಕ್ಕಾಗದ ಮನೆಗೆ ಬಾಡಿಗೆ ಹಿಡ್ಕೊಳ್ಳೋ ಹಾಗಿಲ್ಲ. ರಿಪೇರಿ ಮಾಲೀಕರ ಜವಾಬ್ದಾರಿ. ನೀವು ಬಿಟ್ಟ ದಿನದಿಂದ ಮುಂದಿನದು ವಾಪಸ್ ಬರ್ಬೇಕು, ಅದು ನಿಮ್ಮ ಹಕ್ಕು" ಎಂದರು. ನಾನು ಇಷ್ಟು ದಿನ ನಿನ್ನ ಹತ್ತಿರ ಬೇಡುತ್ತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಅಮ್ಮನ ವಿಷಯ ನಿನಗೆ ಗೊತ್ತೇ ಇದೆ. "ಹೋಗ್ಲಿ ಬಿಡೇ, ಚಿಕ್ಕವನು" ಎಂದು ದಿನಾ ನನ್ನ ತಲೆ ತಿನ್ನುತ್ತಾಳೆ. ಚಿಕ್ಕವನಿಗೆ ಅರ್ಧ ತಲೆ ನರೆತಿದೆ. ಬಿದ್ದಾಗ ಉಳುಕಿದ ಅಮ್ಮನ ಮಣಿಕಟ್ಟು ಇನ್ನೂ ನೋಯುತ್ತದೆ, ತಟ್ಟೆ ಹಿಡಿಯಲಾಗುವುದಿಲ್ಲ. ಆದರೂ ನಿನಗೆ ತಿಳಿಸಬೇಡ ಎಂದಿದ್ದಳು. ನಾನು ತಿಳಿಸುತ್ತಿದ್ದೇನೆ.

ನಿನ್ನ ಭಾವ ನಿನ್ನನ್ನು ಕೇಳಿದೆನೆಂದು ಬರೆ ಎಂದರು, ಬರೆದಿದ್ದೇನೆ. ಮಗಳಿಗೆ ನನ್ನ ಮುತ್ತು. ಬೆಲ್ಟು ಕಟ್ಟಿಕೊ. ನೀನು ಚೆನ್ನಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ.

ನಿನ್ನ ಅಕ್ಕ

ಮರೆತಿದ್ದೆ: ವಕೀಲೆಯ ನೋಟಿಸು ಇದರ ಹಿಂದೆಯೇ ಬರುತ್ತದೆ, ವಾಪಸ್ ಕಳಿಸಬೇಡ. ಇವತ್ತು ಬೆಳಿಗ್ಗೆ ಅವರು ಅಂಗಡಿಗೆ ಬಂದು, ರಶೀದಿ ಇಲ್ಲದಿದ್ದರೆ ಹಣ ಕೊಟ್ಟದ್ದನ್ನು ಕಂಡವರಾದರೂ ಇದ್ದಾರಾ ಎಂದು ಕೇಳಿದರು. ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಅಮ್ಮನನ್ನು ಇದಕ್ಕೆ ಎಳೆಯಲು ನನಗೆ ಬಾಯಿ ಬರಲಿಲ್ಲ. ಅವಳೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನಾನು ಕಂಡಿದ್ದೀನಿ. ನನ್ನ ಮಗ ನನ್ನೆದುರಿಗೇ ಎಣಿಸ್ಕೊಂಡ. ಎಲ್ಲಿ ಸಹಿ ಹಾಕ್ಲಿ?" ಎಂದಳು.