ಎರಡೂ ಕಡೆ ಎಕ್ಸ್

ಮನೆಯಿಂದ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಮಗಳೇ,

ಬೆನ್ನುನೋವು ಹೇಗಿದೆ? ಗೋಡೆ ಹಿಡಿಯದೆ ಬಾಗಿಲವರೆಗೆ ನಡೆದೆಯಂತೆ. ನಿನ್ನ ಗಂಡ, ನನ್ನ ಮಗರಾಯ, ಬಂದು ಹೇಳಿದಾಗ ಹೊಲಿಗೆ ಮಿಷನ್ ಬಿಟ್ಟು ಎದ್ದೇ ನಿಂತೆ. ಆದರೆ ಅವಸರ ಬೇಡ. ನೀನು ಓಡಿಸುವ ಬಸ್ಸು ಬೇರೆ ಡ್ರೈವರ್ ಗೇರು ಹಾಕಿದರೆ ಗೊರಗೊರ ಅನ್ನುತ್ತದಂತೆ, ನಿನ್ನ ಕಂಡಕ್ಟರ್ ಗೆಳತಿ ದಾರಿಯಲ್ಲಿ ಸಿಕ್ಕು ದೂರು ಹೇಳಿದಳು. ಅನ್ನಲಿ ಬಿಡು. ಆಪರೇಷನ್ ಆದ ಬೆನ್ನು, ಮೊದಲು ಅದರ ಮಾತು ಕೇಳು.

ಇನ್ನು ನಿನ್ನ ಮಗಳ ಸುದ್ದಿ. ನಮ್ಮ ಚಿನಕುರಳಿ ಸದ್ದೇ ಇಲ್ಲದಂತಾಗಿದ್ದಳು. ಆಪರೇಷನ್ನಿನ ಮರುದಿನ ಆ ನಳಿಕೆಗಳ ನಡುವೆ ನಿನ್ನನ್ನು ಕಂಡವಳು, ಆಮೇಲೆ ಆಸ್ಪತ್ರೆಯ ಹೆಸರೆತ್ತಿದರೆ ಕೋಣೆ ಸೇರಿ ಕದ ಹಾಕಿಕೊಳ್ಳುತ್ತಾಳೆ, ನಿನಗೂ ಗೊತ್ತು. ಹೋದ ವಾರ ಗಣಿತದ ಮೇಡಂ ಕರೆಸಿದ್ದರು. ಸಮೀಕರಣದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದಿದ್ದಳಂತೆ. ಲೆಕ್ಕ ಹೇಳಿಕೊಡುತ್ತಿದ್ದವಳು ನೀನು.

ನಿನ್ನೆ ಸಂಜೆ ಅವಳ ಪುಸ್ತಕ ತೆಗೆದು ನಾನೇ ಕೂತೆ. ಅಳತೆ ಟೇಪು ಬಿಟ್ಟರೆ ಬೇರೆ ಗಣಿತ ಕಾಣದ ತಲೆ ನನ್ನದು. 7x − 4 = 3x + 16 ಎಂದಿತ್ತು. ಎಕ್ಸ್ ಒಂದೇ ಕಡೆ ಇದ್ದರೆ ಹೇಗೋ ಹಿಡಿಯಬಹುದು, ಇದು ಎರಡೂ ಕಡೆ ಕಾಲು ಚಾಚಿತ್ತು. ಪಕ್ಷಾಂತರ ಮಾಡಿ ಎಂದು ಪುಸ್ತಕ ಹೇಳಿತು. ರಾಜಕೀಯದವರ ಕೆಲಸ ಮಕ್ಕಳಿಗ್ಯಾಕೆ ಎಂದು ಗೊಣಗುತ್ತಾ ಮೂರು ಎಕ್ಸನ್ನು ಎತ್ತಿ ತಂದು ಏಳಕ್ಕೆ ಕೂಡಿಸಿಬಿಟ್ಟೆ.

ಬಾಗಿಲ ಸಂದಿಯಿಂದ ನೋಡುತ್ತಿದ್ದವಳಿಗೆ ತಡೆಯಲಾಗಲಿಲ್ಲ. "ಅಯ್ಯೋ ಅಜ್ಜಿ, ಹಂಗೆಲ್ಲ ಎತ್ಕೊಂಡು ಬರೋಕಾಗಲ್ಲ. ಎರಡೂ ಕಡೆಯಿಂದ ಮೂರು ಎಕ್ಸ್ ಕಳೀಬೇಕು. ಆಗ ಆ ಕಡೆ ಎಕ್ಸೇ ಇರಲ್ಲ, ಈ ಕಡೆ ನಾಲ್ಕು ಎಕ್ಸ್ ಉಳಿಯುತ್ತೆ. ಈಗ ಎರಡೂ ಕಡೆ ನಾಲ್ಕು ಕೂಡಿಸು." ನಾಲ್ಕು ಎಕ್ಸ್ ಅಂದರೆ ಇಪ್ಪತ್ತು, ಎಕ್ಸ್ ಐದು. ನಾನು ಚಪ್ಪಾಳೆ ತಟ್ಟಿದೆ. "ತಾಳು, ಹಾಕಿ ನೋಡದೆ ಬಿಟ್ರೆ ಅಮ್ಮ ಒಪ್ಪಲ್ಲ" ಎಂದು ಎರಡೂ ಕಡೆ ಐದು ಹಾಕಿದಳು. ಮೂವತ್ತೊಂದು, ಮೂವತ್ತೊಂದು.

ಅಮ್ಮ ಎಂಬ ಮಾತು ಅವಳ ಬಾಯಲ್ಲಿ ಬಂದು ಎಷ್ಟೋ ದಿನವಾಗಿತ್ತು. ಪೆನ್ಸಿಲ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. "ಅಮ್ಮನ್ನ ನೋಡಿದ್ರೆ ನಂಗೆ ಅಳು ಬರುತ್ತೆ. ಆಮೇಲೆ ಅವಳೂ ಅಳ್ತಾಳೆ, ಹೊಲಿಗೆ ಬಿಚ್ಚಿಹೋಗುತ್ತೆ." ಇಷ್ಟು ದಿನ ಆ ಪುಟ್ಟ ಎದೆಯಲ್ಲಿದ್ದದ್ದು ಇದು! ಮಡಿಲಿಗೆ ಎಳೆದುಕೊಂಡೆ. ಆಮೇಲೆ ಇಬ್ಬರೂ ಇನ್ನಷ್ಟು ಲೆಕ್ಕ ಮಾಡಿದೆವು. ಒಂದನ್ನು ನಾನೊಬ್ಬಳೇ ಬಿಡಿಸಿದೆ, ನಂಬಿದರೆ ನಂಬು.

ನಿಧಾನವಾಗಿ, ಪೂರ್ತಿ ಗುಣವಾಗಿ ಬಾ. ನಿನ್ನನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಲೆ ಸವರುತ್ತಾ,
ಅತ್ತೆ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಚಿನಕುರಳಿ ಶಾಲೆಯಿಂದ ಬಂದವಳೇ, ಚಪ್ಪಲಿಯನ್ನೂ ಬಿಡದೆ, "ಶನಿವಾರ ಅಪ್ಪನ ಜೊತೆ ನಾನೂ ಹೋಗ್ತೀನಿ" ಎಂದಳು. ಡಾಕ್ಟರಿಗೆ ಫೋನು ಮಾಡಿಸಿ ಕೇಳಿದ್ದೇನೆ, ಅತ್ತರೆ ಹೊಲಿಗೆಗೆ ಏನೂ ಆಗುವುದಿಲ್ಲವಂತೆ. ಅವಳಿಗೂ ಹೇಳಿದ್ದೇನೆ. ತಡೆದುಕೊಳ್ಳಬೇಡ ಮಗಳೇ, ಇಬ್ಬರೂ ಸಾಕೆನಿಸುವಷ್ಟು ಅತ್ತುಬಿಡಿ.