ಚಾಪೆಗೆ ಅಂಕವಿಲ್ಲ

ಸಮೋವಾದ ವಯಸ್ಕರ ತರಗತಿಗಳ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ಮುಂದಿನ ತಿಂಗಳ ಮೊದಲ ಮಂಗಳವಾರದಿಂದ ನಮ್ಮೂರಿನ ವಯಸ್ಕರ ಇಂಗ್ಲಿಷ್ ತರಗತಿಯಿಂದ ಫುವಾತಿನೊ ಎಂಬಾಕೆಯನ್ನು ಬಿಡಿಸಿ, ಆ ಜಾಗಕ್ಕೆ ನನ್ನನ್ನು ನೇಮಿಸಿದ್ದೀರಿ. ಆ ನೇಮಕವನ್ನು ರದ್ದು ಮಾಡಿ ಎಂದು ಬೇಡಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಕಚೇರಿಗೆ ಬರೆದ ಮೂರು ಪತ್ರಗಳಿಗೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿದ್ದರಿಂದ ಈಗ ಪತ್ರಿಕೆಯ ಮೊರೆ ಹೋಗಬೇಕಾಯಿತು. ಕೆಲಸ ಸಿಗಲಿಲ್ಲ ಎಂದು ದೂರುವವರು ನಿಮಗೆ ದಿನವೂ ಸಿಗುತ್ತಾರೆ. ಸಿಕ್ಕಿತು ಎಂದು ದೂರುವವನಿಗೆ ಯಾವ ಕಡತ ತೆರೆಯಬೇಕೆಂದು ನಿಮ್ಮ ಗುಮಾಸ್ತರಿಗೆ ತಿಳಿಯದೇ ಇದ್ದಿರಬಹುದು.

ನಿಮ್ಮ ತಪಾಸಣೆಯ ನಮೂನೆಯಲ್ಲಿ ಇಪ್ಪತ್ತು ಸಾಲುಗಳಿವೆ, ಸಾಲಿಗೊಂದು ಅಂಕ. ಫುವಾತಿನೊಗೆ ಬಂದದ್ದು ಏಳು. ಆಕೆ ಕಪ್ಪು ಹಲಗೆ ಬಳಸಲಿಲ್ಲ. ತರಗತಿಯ ಮುಂದೆ ನಿಲ್ಲಲಿಲ್ಲ. ತಪ್ಪನ್ನು ತಕ್ಷಣ ತಿದ್ದಲಿಲ್ಲ. ಪಾಠಕ್ಕೆ ಸಂಬಂಧಿಸದ ಮಾತುಕತೆಗೆ ಹದಿನೆಂಟು ನಿಮಿಷ ವ್ಯಯವಾಯಿತು. ಆಕೆಗೆ ತರಬೇತಿಯ ಪ್ರಮಾಣಪತ್ರವೂ ಇಲ್ಲ. ಇಪ್ಪತ್ತೆರಡು ವರ್ಷ ಜಿಲ್ಲಾ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕುಳಿತು, ಮಾತ್ರೆಯ ಪೊಟ್ಟಣ ಹಿಡಿದು ಸುಮ್ಮನೆ ತಲೆಯಾಡಿಸಿ ಹೋಗುವ ಮುದುಕರನ್ನು ನೋಡಿದ್ದೇ ಆಕೆಯ ತರಬೇತಿ. ಇದೆಲ್ಲವೂ ನಿಜ. ನಿಮ್ಮ ತಪಾಸಣಾಧಿಕಾರಿ ಒಂದು ಸುಳ್ಳನ್ನೂ ಬರೆದಿಲ್ಲ.

ಎರಡು ವರ್ಷದ ಹಿಂದೆ ಇದೇ ತರಗತಿಗೆ ನಾನು ಮೇಷ್ಟ್ರಾಗಿದ್ದೆ ಎಂಬುದು ನಿಮ್ಮ ಕಡತದಲ್ಲಿದೆ. ಆಕ್ಲೆಂಡಿನಲ್ಲಿ ಕಲಿತು ಬಂದವನು ನಾನು. ಆಗಲೂ ನಿಮ್ಮವರು ಬಂದಿದ್ದರು. ನನಗೆ ಬಂದದ್ದು ಹತ್ತೊಂಬತ್ತು. ಕಳೆದ ಆ ಒಂದು ಅಂಕ ಯಾವ ಸಾಲಿನದು, ನೆನಪಿದೆಯೇ? ‘ಹಾಜರಾತಿ ಕಡಿಮೆ’. ಹನ್ನೊಂದು ಜನರಿಂದ ಶುರುವಾದ ತರಗತಿಯಲ್ಲಿ ಆರನೆಯ ವಾರಕ್ಕೆ ಇಬ್ಬರು ಉಳಿದಿದ್ದರು.

ಬಿಟ್ಟುಹೋದ ಒಂಬತ್ತು ಜನ ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ಮೊದಲು ಹೋದವರು ನನ್ನ ದೊಡ್ಡಪ್ಪ ಔಕುಸೊ. ಸಭೆಗಳಲ್ಲಿ ಊರಿನ ಪರವಾಗಿ ಮಾತಾಡುವ ಮುಖಂಡರು ಅವರು. ಕೋಲೂರಿ ನಿಂತು ಅವರು ಬಾಯಿ ತೆರೆದರೆ ಪಕ್ಕದೂರಿನವರೂ ತಲೆ ತಗ್ಗಿಸಿ ಕೇಳುತ್ತಾರೆ. ನಮ್ಮ ಭಾಷೆಯ ಬೈಬಲನ್ನು ಪುಟ ತಿರುವದೆ ಹೇಳಬಲ್ಲರು. ಇಂಗ್ಲಿಷ್ ಮಾತ್ರ ಬಾರದು. ಆಸ್ಪತ್ರೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಸಕ್ಕರೆ ಕಾಯಿಲೆ ಬಂದಮೇಲೆ ಎಪ್ಪತ್ತರ ಹತ್ತಿರದ ಆ ಮನುಷ್ಯ ನೋಟುಪುಸ್ತಕ ಹಿಡಿದು ಚರ್ಚಿನ ಸಮಿತಿ ಮನೆಗೆ ಬಂದರು.

ಹಿರಿಯರು ನೆಲದಲ್ಲಿ ಕುಳಿತಿರುವಾಗ ಎದುರು ನಿಂತು ಮಾತಾಡಬಾರದೆಂದು ನನಗೆ ಮೂರು ವರ್ಷದವನಿದ್ದಾಗಲೇ ಗೊತ್ತಿತ್ತು. ಮನೆಯಲ್ಲಾಗಿದ್ದರೆ ಬೆನ್ನು ಬಗ್ಗಿಸಿ, ಕ್ಷಮೆ ಕೇಳಿ ದಾಟಿ ಹೋಗುತ್ತಿದ್ದೆ. ಆದರೆ ಕೈಯಲ್ಲಿ ಸೀಮೆಸುಣ್ಣವಿತ್ತು. ಅದನ್ನು ಹಿಡಿದವನಿಗೆ ಆ ಚಾಪೆ ಹಾಸಿದ ಮನೆ ಮನೆಯಲ್ಲ, ತರಗತಿ ಎಂದು ನನ್ನೊಳಗೆ ಯಾರೋ ತೀರ್ಮಾನಿಸಿಬಿಟ್ಟಿದ್ದರು. ಅದು ಯಾರೆಂದು ನಾನು ಇನ್ನೂ ಹುಡುಕುತ್ತಿದ್ದೇನೆ.

"ತಪ್ಪು ದೊಡ್ಡಪ್ಪ. ಇನ್ನೊಂದ್ಸಲ ಓದಿ," ಎಂದೆ. ಅವರು ಓದಿದರು. "ತಪ್ಪು. ಇನ್ನೊಂದ್ಸಲ." ಹೀಗೆ ನಾಲ್ಕು ಸಲ, ಹತ್ತು ಜನರ ಮುಂದೆ. ನಾಲ್ಕನೆಯ ಸಲ ಅವರು ನಕ್ಕು, ಸಭೆ ಮುಗಿಸುವ ಮಾತಿನಲ್ಲಿ ಈ ಸಂಜೆಗಾಗಿ ಎಲ್ಲರಿಗೂ ವಂದಿಸಿ ಎದ್ದರು. ಗುರುವಾರದ ತರಗತಿಗೆ ಬರಲಿಲ್ಲ. ಕೇಳಿದರೆ, "ತೋಟದಲ್ಲಿ ಕೆಲ್ಸ ಇದೆ ಕಣಪ್ಪ," ಎಂದರು. ಆಮೇಲೆ ಒಬ್ಬೊಬ್ಬರಿಗೂ ತೋಟದಲ್ಲಿ ಕೆಲಸ ಬಂತು. ರಸ್ತೆ ಬದಿಯಲ್ಲಿ ಕೆಸುವಿನ ಗಡ್ಡೆ ಮಾರುವ ಲಾಗಿ ಮಾತ್ರ ಹೋಗುವಾಗ ಹೇಳಿ ಹೋದಳು: "ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಮೇಷ್ಟ್ರೇ. ಎತ್ತರದಿಂದ ಬೀಳತ್ತಲ್ಲ, ನಮ್ಮ ತಲೆಗೆ ಪೆಟ್ಟಾಗತ್ತೆ, ಅಷ್ಟೆ."

ನಾಲ್ಕು ತಿಂಗಳ ನಂತರ ದೊಡ್ಡಪ್ಪನ ಕಾಲಿನ ಹುಣ್ಣಿಗೆ ಆಸ್ಪತ್ರೆಯವರು ಮುಲಾಮಿನ ಜೊತೆ ಒಂದು ಹಾಳೆ ಕೊಟ್ಟರು. ಅವರು ಅದನ್ನು ಮಡಿಸಿ ಬೈಬಲಿನಲ್ಲಿಟ್ಟರು. ಕಾಲ್ಬೆರಳು ಕಪ್ಪಾದರೆ ಅದೇ ದಿನ ಬರಬೇಕು ಎಂದು ಅದರ ಕೊನೆಯ ಸಾಲಿನಲ್ಲಿತ್ತು. ನನ್ನ ಮನೆ ಅವರ ಮನೆಯಿಂದ ಎರಡನೆಯದು. ಕೂಗಿದರೆ ಕೇಳುತ್ತದೆ. ಬೆರಳು ಕಪ್ಪಾದಾಗಲೂ ಅವರು ಕೂಗಲಿಲ್ಲ. ಏಕೆ ಕೂಗಲಿಲ್ಲವೆಂದು ನಿಮ್ಮ ನಮೂನೆಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಎಡಗಾಲನ್ನು ಪಾದಕ್ಕಿಂತ ಮೇಲೆ ಕತ್ತರಿಸಿದರು.

ಯಾರೂ ಕೇಳದೆಯೇ ಫುವಾತಿನೊ ಆ ತರಗತಿಯನ್ನು ಮತ್ತೆ ಶುರು ಮಾಡಿದ್ದು ಅದಾದ ಮೇಲೆ. ದೊಡ್ಡಪ್ಪ ಮೊದಲ ದಿನ ಊರುಗೋಲಿನಲ್ಲಿ ಬಂದು ಬಾಗಿಲ ಹತ್ತಿರವೇ ಕುಳಿತರು. ಮಡಚಲಾಗದ ಕಾಲನ್ನು ಎದುರಿಗಿರುವವರ ಕಡೆ ಚಾಚಬೇಕು. ಹಾಗೆ ಚಾಚುವುದು ನಮ್ಮಲ್ಲಿ ಮರ್ಯಾದೆಗೇಡು. ಫುವಾತಿನೊ ಮಾತಾಡುತ್ತ ಮಾತಾಡುತ್ತಲೇ ಒಂದು ಚಾಪೆ ಎಳೆದು ಅವರ ಕಾಲಿನ ಮೇಲೆ ಹೊದಿಸಿ, ಪಕ್ಕದಲ್ಲಿ ತಾನೂ ಕುಳಿತಳು. ಕಾಲಿನ ವಿಷಯ ಎತ್ತಲಿಲ್ಲ. ಅಂದಿನಿಂದ ಪ್ರತಿ ತರಗತಿಯೂ ಆ ಚಾಪೆಯಿಂದಲೇ ಶುರುವಾಗುತ್ತದೆ.

ಇನ್ನು ಆ ಹದಿನೆಂಟು ನಿಮಿಷ. ತಪಾಸಣೆಯ ದಿನ ನಾನೂ ಅಲ್ಲಿದ್ದೆ, ಹಿಂದಿನ ಕಂಬಕ್ಕೆ ಒರಗಿ.

"ಹಿರಿಯರೇ, ನನ್ನ ತಮ್ಮಂಗೆ ಮುಖಂಡನ ಪಟ್ಟ ಕಟ್ತಾರೆ," ಎಂದಳು ಫುವಾತಿನೊ. "ಅವತ್ತು ಕುಡಿಯೋಕೆ ಆವಾ ಬಟ್ಲು ಯಾರ್ಯಾರಿಗೆ ಯಾವ ಸಾಲಲ್ಲಿ ಕೊಡ್ಬೇಕೋ ನಂಗೆ ತಿಳೀದು. ಸ್ವಲ್ಪ ಹೇಳ್ಕೊಡಿ."

"ಇಷ್ಟು ವಯಸ್ಸಾಯ್ತು, ಇದೂ ಗೊತ್ತಿಲ್ವೇನಮ್ಮ?" ಎಂದರು ದೊಡ್ಡಪ್ಪ.

"ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ಲಿ?"

ದೊಡ್ಡಪ್ಪ ಹೇಳತೊಡಗಿದರು. ಅವರ ಬೆನ್ನು ನೆಟ್ಟಗಾಯಿತು. ಮೊದಲ ಬಟ್ಟಲು ದೊಡ್ಡವರಿಗೆ, ನಡುವಿನವು ಉಳಿದವರಿಗೆ, ಆದರೆ ಕೊನೆಯದನ್ನು ಕಡೆಗಣಿಸಬಾರದು, ಅದೂ ದೊಡ್ಡವರದೇ. ನಿಮ್ಮ ತಪಾಸಣಾಧಿಕಾರಿ ಗಡಿಯಾರ ನೋಡುತ್ತಿದ್ದರು. ಆಗ ಆಕೆ ಆಸ್ಪತ್ರೆಯ ಒಂದು ಹಾಳೆಯನ್ನು ಚಾಪೆಯ ಮೇಲಿಟ್ಟಳು.

"ಹಾಗಾದ್ರೆ ಈ ಹಾಳೇಲಿ ದೊಡ್ಡವರು ಯಾರು, ನೋಡಿ ಹೇಳಿ."

ದೊಡ್ಡಪ್ಪನ ಬೆರಳು ಮೊದಲ ಸಾಲಿನ ಮೇಲಿತ್ತು. ಅಲ್ಲೇ ತಡೆದು ನಿಂತಿತು. ಕೆಳಗಿಳಿದು ಕೊನೆಯ ಸಾಲಿಗೆ ಬಂತು. ಒಂದೊಂದೇ ಪದ ಓದಿದರು. ಎರಡು ಪದ ತಪ್ಪಾಯಿತು. ಆಕೆ ತಿದ್ದಲಿಲ್ಲ, ಕಾದಳು. ಎರಡನ್ನೂ ಅವರೇ ತಿದ್ದಿಕೊಂಡರು. ಕಪ್ಪಾದರೆ, ಅದೇ ದಿನ, ಬನ್ನಿ. ಓದಿ ಮುಗಿಸಿ ಬಹಳ ಹೊತ್ತು ಆ ಸಾಲಿನ ಮೇಲಿಂದ ಬೆರಳು ತೆಗೆಯಲಿಲ್ಲ. ‘ತಪ್ಪುಗಳನ್ನು ತಿದ್ದಲಿಲ್ಲ’ ಎಂದು ನಿಮ್ಮವರು ಬರೆದುಕೊಂಡದ್ದು ಆ ಕ್ಷಣದಲ್ಲಿ. ಪೆನ್ನಿನ ಸದ್ದು ನನಗೆ ಕೇಳಿಸಿತು.

ನೀವು ಬುದ್ಧಿವಂತರು. ಹಾಗಿದ್ದರೆ ನೀನೂ ಚಾಪೆಯ ಮೇಲೆ ಕುಳಿತು ಕಲಿಸು ಎನ್ನುತ್ತೀರಿ. ಕಳೆದ ವಾರ ಫುವಾತಿನೊ ಬಲವಂತ ಮಾಡಿದ್ದಕ್ಕೆ ಅದನ್ನೂ ಮಾಡಿದೆ. ಕಾಲು ಮಡಚಿ ಕುಳಿತೆ. ದೊಡ್ಡಪ್ಪನ ಕಾಲಿಗೆ ಚಾಪೆ ಹೊದಿಸಿದೆ. ಅವರು ಓದುವಾಗ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಅವರು ತಪ್ಪಿದಾಗಲೆಲ್ಲ ನನ್ನ ಹುಬ್ಬು ಏರುತ್ತಿತ್ತಂತೆ. ಮತ್ತೆ ತರಗತಿಗೆ ಬರುತ್ತಿರುವ ಲಾಗಿ ಹೇಳಿದಳು. ಆ ಹುಬ್ಬಿನ ಹಿಂದಿರುವವನು ಕುಳಿತಿರಲಿಲ್ಲ. ಫುವಾತಿನೊ ಆ ಜನರಿಂದ ಏನನ್ನೋ ಕಲಿಯಬೇಕೆಂದು ನಿಜವಾಗಿ ಬಯಸುತ್ತಾಳೆ. ನಾನು ಬಯಸುವಂತೆ ನಟಿಸುತ್ತೇನೆ. ಜೀವನವಿಡೀ ಸಭೆಗಳಲ್ಲಿ ಮುಖ ಓದಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲವೇ? ಆದ್ದರಿಂದ ದಯವಿಟ್ಟು ನಮೂನೆಗೆ ‘ಚಾಪೆ ಹೊದಿಸಿದರು: ಹೌದು/ಇಲ್ಲ’ ಎಂದು ಇಪ್ಪತ್ತೊಂದನೆಯ ಸಾಲು ಸೇರಿಸಬೇಡಿ. ಅದರಲ್ಲೂ ನನಗೇ ಪೂರ್ತಿ ಅಂಕ ಬರುತ್ತದೆ.

ನಿಮ್ಮ ಆದೇಶ ತೋರಿಸಿದಾಗ ಫುವಾತಿನೊ ನಕ್ಕಳು. "ಏಳು ಬಂತಲ್ಲ ಬಿಡು ಟೊವಿಯಾ, ಶಾಲೇಲಿ ನಂಗೆ ಅಷ್ಟೂ ಬರ್ತಿರ್ಲಿಲ್ಲ," ಎಂದಳು. ದೊಡ್ಡಪ್ಪ ನಗಲಿಲ್ಲ. ಅವರ ಬಲಗಾಲಿನ ಹಿಮ್ಮಡಿಯಲ್ಲಿ ಈಗ ಹುಣ್ಣಾಗಿದೆ. ಆಸ್ಪತ್ರೆಯವರು ವಾರಕ್ಕೊಂದು ಹೊಸ ಹಾಳೆ ಕೊಡುತ್ತಿದ್ದಾರೆ. ದೊಡ್ಡಪ್ಪ ಅರ್ಧ ಓದಬಲ್ಲರು, ಉಳಿದರ್ಧವನ್ನು ಫುವಾತಿನೊ ಜೊತೆ ಚಾಪೆಯ ಮೇಲೆ ಓದುತ್ತಾರೆ. ನಾನು ಓದಿ ಹೇಳಲೇ ಎಂದು ಕೇಳಿದೆ. ಬಹಳ ಸೌಜನ್ಯದಿಂದ ಬೇಡವೆಂದರು. ಮುಂದಿನ ತಿಂಗಳಿಂದ ತರಗತಿಗೆ ನಾನು ಬರುತ್ತೇನೆ, ನೀವೂ ಬನ್ನಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ತೋಟದಲ್ಲಿ ಕೆಲ್ಸ ಇದೆ ಕಣಪ್ಪ."

ಊರುಗೋಲು ಅವರ ಪಕ್ಕದಲ್ಲೇ ಇತ್ತು, ಮಾನ್ಯರೇ. ತೋಟ ಗುಡ್ಡದ ಮೇಲಿದೆ. ಆ ಕಾಲು ಹೋದಮೇಲೆ ಅವರು ಅಲ್ಲಿಗೆ ಹತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ: ನನ್ನ ನೇಮಕ ರದ್ದಾಗಲಿ, ಫುವಾತಿನೊ ಇದ್ದಲ್ಲೇ ಇರಲಿ. ಬೇಕಿದ್ದರೆ ಆಕೆಗೆ ಸೊನ್ನೆ ಕೊಡಿ. ತಿಂಗಳು ಮುಗಿಯಲು ಒಂಬತ್ತು ದಿನಗಳಿವೆ. ಹುಣ್ಣು ನಿಮ್ಮ ಪರಿಶೀಲನೆ ಮುಗಿಯುವವರೆಗೆ ಕಾಯುವುದಿಲ್ಲ. ಆದೇಶ ಬದಲಾಗದಿದ್ದರೆ ಆ ಮಂಗಳವಾರ ನಾಲ್ಕು ಗಂಟೆಗೆ ಹೋಗಿ ಹಲಗೆಯ ಮುಂದೆ ನಿಲ್ಲುತ್ತೇನೆ. ಎದುರಿಗೆ ಚಾಪೆಗಳಷ್ಟೇ ಇರುತ್ತವೆ. ನಿಮ್ಮವರನ್ನು ಕಳಿಸಿ. ಹಾಜರಾತಿಗೆ ಒಂದು ಅಂಕ ಕಳೆದರೆ ಸಾಕು.

ಇಂತಿ,
ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕದ ಮೇಷ್ಟ್ರು, ಔಕುಸೊ ಅವರ ತಮ್ಮನ ಮಗ,
ಟೊವಿಯಾ
ಸವಾಯಿ ದ್ವೀಪ, ಸಮೋವಾ